ಬಳ್ಳಾರಿಯ ಜಾನ್ ಹ್ಯಾಂಡ್ಸರು

ಚೈತ್ರಮಾಸದಲ್ಲಿ ಹಂಪೆಯ ವಿರೂಪಾಕ್ಷನ ರಥೋತ್ಸವಕ್ಕೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯಿಂದ ಜನಸಾಗರವು ಹರಿದು ಬರುವುದು ಇಂದು ನಿನ್ನೆಯ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಜನಸಂದಣಿಯ ನಡುವೆ ಒಬ್ಬ ಆಂಗ್ಲ ಬೋಧಕರು ಕನ್ನಡದಲ್ಲಿಯೇ ಮಾತನಾಡುತ್ತ, ಕೇಳುವವರಿಗೆ ತಮ್ಮ ಮತದ ವಿಚಾರವನ್ನು ಹೇಳುತ್ತ ನಿಂತದ್ದುಂಟು. ಅವರೇ ಜಾನ್ ಹ್ಯಾಂಡ್ಸರು. ಕ್ರೈಸ್ತ ಧರ್ಮಗ್ರಂಥವನ್ನು ಮೊದಲು ಪೂರ್ಣವಾಗಿ ಕನ್ನಡಕ್ಕೆ ತಂದವರೆಂದು ಅವರ ಹೆಸರು ನಾಡಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಅವರು ತಮ್ಮ ದೊರೆಯ ಮತಕ್ಕೆ ಸೇರಿದವರಾಗಿರಲಿಲ್ಲವೆಂಬುದನ್ನು ಬಲ್ಲವರು ವಿರಳ. ಬಿಳಿಯರೆಲ್ಲರೂ ಒಂದೇ ಮತದವರು, ಸರಕಾರವೂ ಪಾದ್ರಿಗಳೂ ಒಂದೇ ಮನೆಯವರು ಎಂದು ನಮ್ಮ ಹಿರಿಯರು ಭಾವಿಸಿದ್ದರು. ನಿಜಸ್ಥಿತಿಯು ಬೇರೆಯಾಗಿದ್ದಿತು.

ಇಂಗ್ಲೆಂಡಿನಲ್ಲಿ ಅರಸನೇ ಚರ್ಚಿಗೂ ಒಡೆಯ. ಬಿಷಪ್ಪರ ಆಳ್ವಿಕೆ, ನಿಯಮಿತ ಪ್ರಾರ್ಥನಾ ಪುಸ್ತಕ, ಕಾನೂನಿನಿಂದ ಬಂದ ಅಧಿಕಾರ, ಇವು ಆ ರಾಜಮಾನ್ಯ ಚರ್ಚಿನ ಲಕ್ಷಣಗಳು. ಅದನ್ನೇ ಆಂಗ್ಲಿಕನ್ ಚರ್ಚೆನ್ನುವರು. 1662ರಲ್ಲಿ ಆ ಪ್ರಾರ್ಥನಾ ಪುಸ್ತಕವನ್ನು ಸಂಪೂರ್ಣವಾಗಿ ಒಪ್ಪಲೇಬೇಕೆಂಬ ಶಾಸನವು ಹುಟ್ಟಿದಾಗ, ಮನಸ್ಸೊಪ್ಪದ ಸುಮಾರು 2000 ಮಂದಿ ಬೋಧಕರು ತಮ್ಮ ಸ್ಥಾನ, ಮನೆ, ಜೀವನೋಪಾಯಗಳನ್ನು ಕಳೆದುಕೊಂಡರು. ಇವರನ್ನೂ ಇವರ ಅನುಯಾಯಿಗಳನ್ನೂ ಡಿಸೆಂಟರರು, ಎಂದರೆ ಭಿನ್ನಮತದವರು, ಎಂದು ಕರೆದರು. ಅವರು ಸಭೆ ಸೇರುವುದೇ ಅಪರಾಧವಾಯಿತು. ಬೋಧಕರು ತಾವು ಹಿಂದೆ ಇದ್ದ ಊರಿಗೆ ಐದು ಮೈಲಿ ಒಳಗೆ ಬರಬಾರದೆಂದೂ ವಿಧಿಸಲಾಯಿತು. 1689ರಲ್ಲಿ ಪೂಜಾಸ್ವಾತಂತ್ರ್ಯವೇನೋ ದೊರಕಿತು. ಆದರೆ ಸರಕಾರೀ ಅಧಿಕಾರ ಸ್ಥಾನಗಳಿಗೆ ಕಾನೂನಿನ ಅಡ್ಡಿಯು 1828ರವರೆಗೂ ಉಳಿಯಿತು. ಆಕ್ಸ್‌ಫರ್ಡ್ ವಿದ್ಯಾಪೀಠದ ಬಾಗಿಲು ಅದರ ನಂತರವೂ ಬಹುಕಾಲ ಅವರಿಗೆ ತೆರೆಯಲಿಲ್ಲ. ಮದುವೆಯಾಗಬೇಕಾದರೂ ತಾವು ತೊರೆದ ಚರ್ಚಿನ ಪಾದ್ರಿಯ ಮುಂದೆಯೇ ಹೋಗಿ ನಿಲ್ಲಬೇಕಾಗಿದ್ದಿತು!

ಇಂತಹ ಸಮಾಜದ ಮಗುವಾಗಿ ಹ್ಯಾಂಡ್ಸರು 1780ರಲ್ಲಿ ಜನಿಸಿದರು. ವಿದ್ಯಾಪೀಠಗಳಿಗೆ ಪ್ರವೇಶವಿಲ್ಲದ ಭಿನ್ನಮತದವರು ತಮ್ಮದೇ ವಿದ್ಯಾಶಾಲೆಗಳನ್ನು ಕಟ್ಟಿಕೊಂಡಿದ್ದರು. ಅವುಗಳಲ್ಲಿ ಒಂದಾದ ಗಾಸ್ಪೋರ್ಟಿನ ಶಾಲೆಯಲ್ಲಿ ಡೇವಿಡ್ ಬೋಗ್ ಎಂಬ ವಿದ್ವಾಂಸರ ಬಳಿ ಹ್ಯಾಂಡ್ಸರ ವ್ಯಾಸಂಗವು ನಡೆಯಿತು. ಅವರನ್ನು ಕಳುಹಿಸಿದ ಲಂಡನ್ ಮಿಶನರಿ ಸೊಸೈಟಿಯು 1795ರಲ್ಲಿ ಸ್ಥಾಪನೆಯಾದುದು. ಅದರಲ್ಲಿ ಎಲ್ಲ ಪಂಗಡದವರಿಗೂ ಅವಕಾಶವಿದ್ದರೂ ಮುಖ್ಯವಾಗಿ ಅದನ್ನು ನಡೆಸಿದವರು ಸ್ವತಂತ್ರಸಭೆಯ ಭಿನ್ನಮತೀಯರು. ಪ್ರತಿಯೊಂದು ಸಭೆಯೂ ಬಿಷಪ್ಪನ ಅಪ್ಪಣೆಯಿಲ್ಲದೆ ತನ್ನನ್ನು ತಾನೇ ಆಳಿಕೊಳ್ಳಬೇಕೆಂಬುದು ಅವರ ಸಿದ್ಧಾಂತ. ಯಾವ ಒಂದು ಪಂಗಡದ ಆಡಳಿತಪದ್ಧತಿಯನ್ನೂ ಪರದೇಶದಲ್ಲಿ ಹೇರಬಾರದು, ಅಲ್ಲಿ ಸೇರುವ ಜನರೇ ಅದನ್ನು ನಿರ್ಣಯಿಸಿಕೊಳ್ಳಲಿ ಎಂದು ಆ ಸೊಸೈಟಿಯು 1796ರಲ್ಲಿಯೇ ಗೊತ್ತುಮಾಡಿದ್ದಿತು.

ಹ್ಯಾಂಡ್ಸರು 1809ರಲ್ಲಿ ಮದರಾಸಿಗೆ ಬಂದಿಳಿದರು. ಕಾಲವು ಅನುಕೂಲವಾಗಿರಲಿಲ್ಲ. 1806ರಲ್ಲಿ ವೇಲೂರಿನ ಸಿಪಾಯಿಗಳು ದಂಗೆಯೆದ್ದಂದಿನಿಂದ ಕಂಪನಿ ಸರಕಾರಕ್ಕೆ ಮಿಶನರಿಗಳೆಂದರೆ ಭಯ. ಪ್ರಜೆಗಳ ಮತವನ್ನು ಕೆಣಕಿದರೆ ರಾಜ್ಯವೂ ವ್ಯಾಪಾರವೂ ಹೋದಾವೆಂಬ ಶಂಕೆ. ಕಂಪನಿಯು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಪಾದ್ರಿಗಳು ಆಂಗ್ಲಿಕನ್ ಚರ್ಚಿನವರು. ಅವರ ಕೆಲಸ ಕಂಪನಿಯ ಬಿಳಿಯರಿಗೆ ಪ್ರಾರ್ಥನೆ ನಡೆಸುವುದು. ಅಪ್ಪಣೆಯಿಲ್ಲದೆ ಬಂದ ಭಿನ್ನಮತದ ಬೋಧಕನಿಗೆ ಅಲ್ಲಿ ಹಕ್ಕೆಂಬುದಿರಲಿಲ್ಲ. ಹ್ಯಾಂಡ್ಸರನ್ನು ನಿಯೋಜಿಸಿದ್ದುದು ಶ್ರೀರಂಗಪಟ್ಟಣಕ್ಕೆ. ಅದು ಕೈಗೂಡದೆ 1810ರಲ್ಲಿ ಅವರು ಬಳ್ಳಾರಿಯನ್ನು ಸೇರಿದರು.

ಹೊಸಪೇಟೆ, ಹಂಪೆ, ಕಂಪ್ಲಿಗಳನ್ನೊಳಗೊಂಡ ಆ ಸೀಮೆಯನ್ನು ನಿಜಾಮನು ಕಂಪನಿಗೆ ಬಿಟ್ಟುಕೊಟ್ಟು ಆಗ ಕೇವಲ ಹತ್ತು ವರ್ಷಗಳಾಗಿದ್ದವು. ಮನ್ರೋ ಸಾಹೇಬರು ಕಂದಾಯದ ವ್ಯವಸ್ಥೆಯನ್ನು ಮಾಡಿ ಸ್ವದೇಶಕ್ಕೆ ತೆರಳಿದ್ದರು. ತುಂಗಭದ್ರೆಯಾಚೆ ನಿಜಾಮನ ರಾಜ್ಯ. ಸಂಡೂರಿನಲ್ಲಿ ಘೋರ್ಪಡೆ ಮನೆತನದ ಆಳ್ವಿಕೆ. ಬಳ್ಳಾರಿಯ ಕೋಟೆಯ ಸುತ್ತ ದಂಡು. ಹ್ಯಾಂಡ್ಸರು ದಂಡಿನ ಆಂಗ್ಲ ಸೈನಿಕರಿಗೆ ಬೋಧಿಸಿದರು, ಶಾಲೆಗಳನ್ನು ತೆರೆದರು, ಉಳಿದ ಹೊತ್ತನ್ನೆಲ್ಲ ಕನ್ನಡಕ್ಕೆ ಕೊಟ್ಟರು. ಈ ಕೊನೆಯ ಕೆಲಸವೇ ಅವರ ಜೀವನದ ಸಾರ.

ಆ ಕೆಲಸ ಎಷ್ಟು ಕಠಿಣವಾಗಿದ್ದಿತೆಂಬುದನ್ನು ಇಂದು ಊಹಿಸುವುದೂ ಕಷ್ಟ. ಕಲಿಯುವವನ ಕೈಗೆ ಕೊಡಲು ಒಂದು ಅಚ್ಚಾದ ಕನ್ನಡ ವ್ಯಾಕರಣವಿರಲಿಲ್ಲ. ಕೇರಿಯವರ ಕರ್ಣಾಟಕ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. ಮೆಕೆರೆಲ್ಲರ ವ್ಯಾಕರಣ 1820ರಲ್ಲಿ. ನಮ್ಮ ನಿಘಂಟುಗಳೂ ವ್ಯಾಕರಣಗಳೂ ತಾಳೆಯೋಲೆಗಳಲ್ಲಿ ಮಠಗಳ, ಪಂಡಿತರ ಮನೆಗಳ ಅಟ್ಟದ ಮೇಲಿದ್ದವು. ಅವು ಹಳಗನ್ನಡದವು, ಪದ್ಯಕ್ಕಾಗಿ ಹುಟ್ಟಿದವು. ಮುನ್ಷಿಯ ಬಾಯಿಂದ ಒಂದೊಂದೇ ಶಬ್ದವನ್ನು ಕೇಳಿ ಬರೆದುಕೊಳ್ಳಬೇಕು. ಪಂಡಿತನು ಗ್ರಾಂಥಿಕ ಶಬ್ದವನ್ನು ಹೇಳುವನು, ಸಂತೆಯಲ್ಲಿ ಅದು ಯಾರಿಗೂ ತಿಳಿಯದು. ಸಂತೆಯ ಮಾತನ್ನು ಬರೆದರೆ ಪಂಡಿತನು ಮೂಗು ಮುರಿಯುವನು. ಪಾಪ, ಕೃಪೆ, ಆತ್ಮ, ಬಲಿ ಮುಂತಾದ ಶಬ್ದಗಳಿಗೆ ಈ ನೆಲದಲ್ಲಿ ಶತಮಾನಗಳ ಅರ್ಥಪರಂಪರೆಯಿದೆ. ಅವನ್ನು ಬೇರೆ ಅರ್ಥಕ್ಕೆ ತಿರುಗಿಸುವುದು ಸುಲಭವೇ? ಶರಣರು ಆಡುಗನ್ನಡದಲ್ಲಿಯೇ ಅನುಭಾವವನ್ನು ನುಡಿದ ಗದ್ಯವು ಈ ನಾಡಿನಲ್ಲಿದ್ದರೂ ಅಚ್ಚಾಗಿ ಎಲ್ಲರ ಕೈಗೂ ಸಿಗುವಂತಿರಲಿಲ್ಲ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ಪ್ರಕಟವಾಗುವುದಕ್ಕೆ ಇನ್ನೂ ನೂರಕ್ಕೂ ಮಿಕ್ಕಿ ವರ್ಷಗಳಿದ್ದವು.

1816ರಲ್ಲಿ ವಿಲಿಯಂ ರೀವ್ ಎಂಬವರು ಬಂದು ಜೊತೆಗೂಡಿದರು. ರೀವರು ಕನ್ನಡ ನಿಘಂಟಿನ ಕೆಲಸವನ್ನು ಕೈಗೊಂಡರು. ಅವರ ಇಂಗ್ಲಿಷ್-ಕನ್ನಡ ಕೋಶವು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ಕೋಶವು 1832ರಲ್ಲಿಯೂ ಹೊರಬಂದವು. ಹ್ಯಾಂಡ್ಸರು ಭಾಷಾಂತರವನ್ನು ತಿದ್ದಿ ತಿದ್ದಿ ಬರೆಯುತ್ತಲೇ ಇದ್ದರು. ಬಳ್ಳಾರಿಯಲ್ಲಿ ಮಿಶನ್ನಿನ ಮುದ್ರಣಾಲಯವೂ ಆಯಿತು. ಬಂದ ಇಪ್ಪತ್ತೊಂದನೆಯ ವರ್ಷಕ್ಕೆ, 1831ರ ವೇಳೆಗೆ, ಸಮಗ್ರ ಗ್ರಂಥವು ಕನ್ನಡದಲ್ಲಿ ಸಿದ್ಧವಾಯಿತು. ಅದರ ಕನ್ನಡವು ಒರಟು, ಅನೇಕ ಕಡೆ ಕೃತಕವಾದುದು. ಬಾಸೆಲ್ ಮಿಶನ್ನಿನ ವೈಗಲ್ಲರು ಮೊದಲಾದವರು ಮುಂದೆ ಅದನ್ನು ಬಹುವಾಗಿ ಪರಿಷ್ಕರಿಸಬೇಕಾಯಿತು. ಮೊದಲು ಹಾದಿ ಕಡಿದವನ ಕೆಲಸವನ್ನು ಆ ಕಾರಣದಿಂದ ಕಡೆಗಣಿಸುವಂತಿಲ್ಲ.

ಈ ನಡುವೆ ಲಂಡನ್ನಿನಲ್ಲಿ ಒಂದು ಮಹತ್ತರ ಬದಲಾವಣೆಯಾಗಿದ್ದಿತು. 1813ರಲ್ಲಿ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ಭಿನ್ನಮತದವರೂ ಆಂಗ್ಲಿಕನ್ನರಲ್ಲಿ ಉತ್ಸಾಹಿಗಳೂ ಕೂಡಿ ಪಾರ್ಲಿಮೆಂಟಿಗೆ ಅರ್ಜಿಗಳ ಮಳೆಯನ್ನೇ ಸುರಿಸಿದರು. ಮಿಶನರಿಗಳಿಗೆ ದಾರಿಯು ತೆರೆಯಿತು. ಅದೇ ಶಾಸನವು ಕಲ್ಕತ್ತೆಗೆ ಒಬ್ಬ ಬಿಷಪ್ಪನನ್ನೂ ನೇಮಿಸಿ, ಅವನ ವೇತನವನ್ನು ಇಂಡಿಯಾದ ಬೊಕ್ಕಸದ ಮೇಲೆ ಹೊರಿಸಿತು. ಬಾಗಿಲು ತೆರೆದದ್ದು ಭಿನ್ನಮತದವರಿಗೆ, ಗದ್ದುಗೆ ದೊರೆತದ್ದು ರಾಜಮಾನ್ಯ ಚರ್ಚಿಗೆ. ವೆಚ್ಚವನ್ನು ಕೊಟ್ಟವರಾದರೋ ಇವೆರಡೂ ಅಲ್ಲದ ನಮ್ಮ ರೈತರು.

ಇನ್ನೊಂದು ಕಡೆ ಅದೇ ಸರಕಾರವು ದೇವಾಲಯಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದಿತು. ಮದರಾಸಿನ 1817ರ ಏಳನೆಯ ರೆಗ್ಯುಲೇಷನ್ನು ದೇವಸ್ಥಾನ ಛತ್ರಗಳ ದತ್ತಿಗಳನ್ನು ರೆವಿನ್ಯೂ ಬೋರ್ಡಿನ ಅಧೀನಕ್ಕೆ ತಂದಿತು. ಹಂಪೆಯ ವಿರೂಪಾಕ್ಷ ದೇವಾಲಯದ ಗೋಪುರವನ್ನು 1837ರಲ್ಲಿ ಜೀರ್ಣೋದ್ಧಾರ ಮಾಡಿಸಿದವರು ಬಳ್ಳಾರಿಯ ಕಲೆಕ್ಟರರಾದ ರಾಬರ್ಟ್‌ಸನ್ನರು. ಸರಕಾರವು ಯಾವ ಮತದ ಪೂಜೆಗೂ ಕೈಹಾಕಬಾರದೆಂಬ ಮತದವರಿಗೆ ಇದು ಸಹಿಸದಾಯಿತು. ಮಿಶನರಿಗಳು ಬಹಳ ಕಾಲ ಇದನ್ನು ವಿರೋಧಿಸಿದರು. ಕಂಪನಿಯು ಕ್ರಮೇಣ ದೇವಾಲಯಗಳಿಂದ ಕೈ ತೆಗೆಯಿತು. ಆದರೆ ಸರಕಾರದ ಸಂಬಳ ತಿನ್ನುವ ಪಾದ್ರಿಗಳ ವಿಷಯಕ್ಕೆ ಆ ನ್ಯಾಯವು ಅನ್ವಯಿಸಿದ್ದು ಬಹಳ ತಡವಾಗಿ. ಆಂಗ್ಲಿಕನ್ ಚರ್ಚಿಗೂ ಸರಕಾರಕ್ಕೂ ಇಂಡಿಯಾದಲ್ಲಿ ಇದ್ದ ಕಾನೂನಿನ ಗಂಟು ಬಿಚ್ಚಿದ್ದು 1930ರಲ್ಲಿ.

ಹ್ಯಾಂಡ್ಸರಲ್ಲಿ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಅಂತಃಕರಣದ ಸ್ವಾತಂತ್ರ್ಯಕ್ಕಾಗಿ ಕಷ್ಟಪಟ್ಟವರ ವಂಶದಲ್ಲಿ ಬೆಳೆದ ಅವರಿಗೆ, ಹಂಪೆಯ ತೇರನ್ನೆಳೆಯುವ ಭಕ್ತನ ಅಂತಃಕರಣವೂ ಅಷ್ಟೇ ಸತ್ಯವಾದುದೆಂದು ಹೊಳೆಯಲಿಲ್ಲ. ಅವರ ಸಂಗಡಿಗರೆಲ್ಲರಂತೆ ಅವರೂ ಅದನ್ನು ಅಜ್ಞಾನವೆಂದೇ ಬಗೆದರು. ಜನರು ಅವರ ಮಾತನ್ನು ಮರ್ಯಾದೆಯಿಂದ ಕೇಳಿದರು, ಹಂಚಿದ ಪುಸ್ತಕಗಳನ್ನು ತೆಗೆದುಕೊಂಡರು, ತಮ್ಮ ದಾರಿ ಹಿಡಿದು ಮನೆಗೆ ಹೋದರು. ಮೊದಲ ಅನೇಕ ವರ್ಷಗಳಲ್ಲಿ ಕನ್ನಡಿಗರಿಂದ ಅವರ ಸಭೆಗೆ ಸೇರಿದವರು ಅತ್ಯಲ್ಪ. ಹೀಗಿದ್ದರೂ ಬೇಸತ್ತು ಕನ್ನಡವನ್ನು ಬಿಡದ ಅವರ ಛಲವನ್ನು ಮೆಚ್ಚಲೇಬೇಕು.

ಬಳ್ಳಾರಿಯ ಅಚ್ಚಿನಮನೆಯು ಮುಂದೆ ಅವರು ನೆನೆಯದ ಕೆಲಸಕ್ಕೂ ಒದಗಿತು. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ 1844ರಲ್ಲಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಮುದ್ರಣವಾಯಿತು.

ಹ್ಯಾಂಡ್ಸರು ಕೊನೆಗಾಲವನ್ನು ಸೀಮೆಯಲ್ಲಿ ಕಳೆದು 1864ರಲ್ಲಿ ತೀರಿಕೊಂಡರು. ಅವರ ಪಂಗಡದ ಸಭೆಗಳೂ, ಯಾವ ಚರ್ಚಿನಿಂದ ಅವರ ಪೂರ್ವಿಕರು 1662ರಲ್ಲಿ ಹೊರಬಿದ್ದಿದ್ದರೋ ಆ ಆಂಗ್ಲಿಕನ್ನರ ಸಭೆಗಳೂ, 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಇಂಡಿಯಾ ಸಭೆಯೆಂಬ ಹೆಸರಿನಿಂದ ಒಂದಾದುವು. ಇಂಗ್ಲೆಂಡಿನಲ್ಲಿ ಅವೆರಡೂ ಇಂದಿಗೂ ಬೇರೆಯಾಗಿಯೇ ಇವೆ.