ಶಿಷ್ಯನಿಂದ ಕಲಿತ ಗುರು: ಬ್ರೂಸ್ ಲೀ

ಬ್ರೂಸ್ ಲೀ ಎಂದೊಡನೆ ಸರಪಳಿಯಿಂದ ಜೋಡಿಸಿದ ಎರಡು ಗಿಡ್ಡ ಕೋಲುಗಳು ಕಣ್ಣಮುಂದೆ ಬರುತ್ತವೆ. ಇದರ ಹೆಸರು ನುಂಚಾಕು. ಜಪಾನಿನ ಓಕಿನಾವಾ ದ್ವೀಪದ ಸಮರಕಲೆಯ ಆಯುಧ. ಅದನ್ನು ಜಗತ್ತಿಗೆ ಪರಿಚಯಿಸಿದ ಈ ನಟರು ಒಬ್ಬ ಶಿಕ್ಷಕರೂ ಆಗಿದ್ದರು.

ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಕ್ಯಾಂಟನೀಸ್ ಸಂಗೀತ ನಾಟಕದ ಕಲಾವಿದರು. ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಇಪ್ ಮ್ಯಾನ್ ಅವರ ಬಳಿ ವಿಂಗ್ ಚುನ್ ಎಂಬ ಸಮರಕಲೆ ಕಲಿತರು. 1959ರಲ್ಲಿ ಅಮೆರಿಕಕ್ಕೆ ಮರಳಿ, ಸಿಯಾಟಲ್‌ನಲ್ಲಿ ಓದುತ್ತಲೇ ಕಲಿಸತೊಡಗಿದರು. ಚೀನೀಯರಲ್ಲದವರಿಗೆ ಈ ವಿದ್ಯೆ ದೊರೆಯುವುದು ಆಗ ಅಪರೂಪ. ಆದರೆ ಲೀ ಅವರ ಮೊದಲ ಶಿಷ್ಯ ಜೆಸ್ಸಿ ಗ್ಲೋವರ್ ಕಪ್ಪು ಜನಾಂಗದವರು. ಕಲಿಯಲು ಬಂದವರ ಬಣ್ಣವನ್ನು ಲೀ ನೋಡಲಿಲ್ಲ.

1964ರಲ್ಲಿ ಲಾಂಗ್ ಬೀಚ್‌ನ ಕರಾಟೆ ಪಂದ್ಯಾವಳಿಯಲ್ಲಿ ಲೀ ಪ್ರಾತ್ಯಕ್ಷಿಕೆ ನೀಡಿದರು. ಅಲ್ಲಿ ಪರಿಚಯವಾದ ಡಾನ್ ಇನೊಸಾಂಟೊ ಮುಂದೆ ಅವರ ಶಿಷ್ಯರಾದರು. ಫಿಲಿಪೀನ್ಸ್ ಮೂಲದ ಆ ಶಿಷ್ಯರೇ ಗುರುವಿಗೆ ನುಂಚಾಕು ಕಲಿಸಿದರು. 1970ರಲ್ಲಿ ಬೆನ್ನಿಗೆ ಪೆಟ್ಟಾಗಿ ಹಲವು ತಿಂಗಳು ಹಾಸಿಗೆ ಹಿಡಿದಾಗಲೂ ಲೀ ಸುಮ್ಮನಿರದೆ ತಮ್ಮ ವಿಧಾನದ ಬಗ್ಗೆ ಟಿಪ್ಪಣಿ ಬರೆದರು. ಒಂದೇ ಪದ್ಧತಿಗೆ ಕಟ್ಟುಬೀಳದೆ, ಉಪಯುಕ್ತವಾದುದನ್ನು ಎಲ್ಲಿಂದಲಾದರೂ ಪಡೆಯಬೇಕು ಎಂಬುದು ಅವರ ನಿಲುವು.

1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ನುಂಚಾಕು ತೆರೆಯ ಮೇಲೆ ಮಿಂಚಿತು. 1973ರ ಜುಲೈ 20ರಂದು, 32ನೇ ವಯಸ್ಸಿನಲ್ಲಿ, ಲೀ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. 'ಎಂಟರ್ ದಿ ಡ್ರ್ಯಾಗನ್' ಬಿಡುಗಡೆಯಾದದ್ದು ಅನಂತರ. ಯುವಕರು ಅನುಕರಿಸುವರೆಂಬ ಭಯದಿಂದ ಬ್ರಿಟನ್ನಿನ ಸೆನ್ಸಾರ್ ಮಂಡಳಿ 1979ರಲ್ಲಿ ಆ ಚಿತ್ರದ ನುಂಚಾಕು ದೃಶ್ಯಗಳನ್ನು ಕತ್ತರಿಸಿತು. ಅವು ಮರಳಲು ಎರಡು ದಶಕ ಬೇಕಾಯಿತು.

ವಿಜ್ಞಾನ ಬೋಧಿಸುವ ನಮಗೆ ನುಂಚಾಕು ವೃತ್ತೀಯ ಚಲನೆಗೆ ಒಳ್ಳೆಯ ಉದಾಹರಣೆ. ಮಣಿಕಟ್ಟಿನ ಸಣ್ಣ ಚಲನೆಯಿಂದ ಕೋಲಿನ ಹೊರತುದಿಗೆ ಭಾರೀ ವೇಗ ಬರುತ್ತದೆ. ಕೈ ಬಿಟ್ಟರೆ ಅದು ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುತ್ತದೆ. ಆದರೆ ತರಗತಿಯಲ್ಲಿ ಈ ದೃಶ್ಯ ತೋರಿಸಿದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ನಿಯಮವೋ, ಕೋಲು ಬೀಸುವ ಆಸೆಯೋ? ಇದನ್ನು ಪಾಠಯೋಜನೆ ಬರೆಯುವಾಗಲೇ ಯೋಚಿಸಬೇಕು. ಲೀ ಅವರ ವಿಷಯದಲ್ಲೂ ಜನ ಆಯುಧವನ್ನು ನೆನಪಿಟ್ಟು ಶಿಕ್ಷಕನನ್ನು ಮರೆತರು. ಶಿಷ್ಯನ ಮುಂದೆ ವಿದ್ಯಾರ್ಥಿಯಾಗಿ ನಿಲ್ಲಲು ಹಿಂಜರಿಯದ ಆ ಗುಣವೇ ನಾವು ಅವರಿಂದ ಕಲಿಯಬೇಕಾದ ಪಾಠ.