ಭಯವೂ ಅನುಸಂಧಾನವೂ: ಶ್ರೀರಾಯರ ಜೀವನದ ಕೆಲವು ಸಂದರ್ಭಗಳು

ಶ್ರಾವಣ ಬಹುಳ ಪಾಡ್ಯ, ಬಿದಿಗೆ, ತದಿಗೆಗಳು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿಯೂ ಮಠಮಂದಿರಗಳಲ್ಲಿಯೂ ಶ್ರೀರಾಘವೇಂದ್ರತೀರ್ಥ ಶ್ರೀಪಾದಂಗಳವರ ಆರಾಧನೆಯ ಸಿದ್ಧತೆ ಮೊದಲಾಗುತ್ತದೆ. ಬೃಂದಾವನಸ್ಥರಾದ ಮೇಲೆ ಅವರು ತೋರಿದ ಮಹಿಮೆಗಳನ್ನು ಕೇಳದ ಮಾಧ್ವರ ಮನೆ ಇರಲಾರದು. ಮಗುವಿಗೆ ಜ್ವರ ಬಂದರೆ, ಮಗಳ ಲಗ್ನ ಕೂಡಿಬಾರದಿದ್ದರೆ, ಮಗನಿಗೆ ಉದ್ಯೋಗ ದೊರೆಯದಿದ್ದರೆ ನಾವು ರಾಯರಿಗೆ ಹರಕೆ ಹೊರುತ್ತೇವೆ. ನಮ್ಮಲ್ಲಿ ಬಹುಮಂದಿಯನ್ನು ಅವರ ಸನ್ನಿಧಿಗೆ ಕರೆದೊಯ್ಯುವುದು ಭಯವೇ ಎಂದರೆ ತಪ್ಪಾಗದು. ಇದು ನಿಂದೆಯ ಮಾತಲ್ಲ. ಆರ್ತನೂ ಭಕ್ತನೇ ಎಂದು ಭಗವಂತನೇ ಗೀತೆಯಲ್ಲಿ ಒಪ್ಪಿದ್ದಾನೆ. ಆದರೆ ನಾವು ಯಾವ ಭಯಗಳನ್ನು ಹೊತ್ತು ಅವರಲ್ಲಿಗೆ ಹೋಗುತ್ತೇವೆಯೋ ಅವೇ ಭಯಗಳ ನಡುವೆ ಅವರೂ ಒಮ್ಮೆ ಹೆಂಡತಿಮಕ್ಕಳೊಡನೆ ಸಂಸಾರ ಮಾಡಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಈ ಆರಾಧನೆಯ ಸಂದರ್ಭದಲ್ಲಿ ಆ ಭಾಗವನ್ನೇ ಸ್ಮರಿಸೋಣವೆಂದು ಈ ಲೇಖನ.

ಶ್ರೀಗಳವರ ಪೂರ್ವಾಶ್ರಮದ ಹೆಸರು ವೇಂಕಟನಾಥ. ತಂದೆ ತಿಮ್ಮಣ್ಣಾಚಾರ್ಯರು, ತಾಯಿ ಗೋಪಿಕಾಂಬಾ. ಗುರುರಾಜ ಮತ್ತು ವೇಂಕಟಾಂಬಾ ಎಂಬ ಇಬ್ಬರು ಮಕ್ಕಳ ತರುವಾಯ ತಿರುಪತಿಯ ಶ್ರೀನಿವಾಸನ ಸೇವೆಯ ಫಲವಾಗಿ ಹುಟ್ಟಿದ ಮಗು. ಮನ್ಮಥ ಸಂವತ್ಸರದ (1595-96) ಫಾಲ್ಗುಣ ಶುದ್ಧ ಸಪ್ತಮಿಯಂದು, ತಮಿಳುನಾಡಿನ ಭುವನಗಿರಿಯಲ್ಲಿ ಜನನವೆಂಬುದು ಸಂಪ್ರದಾಯ. ವಂಶವು ವಿದ್ವತ್ತಿಗೂ ವೀಣೆಗೂ ಹೆಸರಾದದ್ದು. ಮುತ್ತಾತ ಕೃಷ್ಣಭಟ್ಟರು ಶ್ರೀಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದವರೆಂದು ಹೇಳುತ್ತಾರೆ. 1565ರ ಯುದ್ಧದಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ರಾಜಾಶ್ರಯ ತಪ್ಪಿದ ಎಷ್ಟೋ ವಿದ್ವತ್ಕುಟುಂಬಗಳು ಕಾವೇರಿಯ ಸೀಮೆಗೆ ಬಂದವು. ರಾಯರ ಹಿರಿಯರ ವಲಸೆಯೂ ಅದೇ ಬಗೆಯದು. ಅರಮನೆಯ ಗೌರವವು ಮನೆತನದ ನೆನಪಿನಲ್ಲಿ ಮಾತ್ರ ಉಳಿದಿತ್ತು.

ಬಾಲ್ಯದಲ್ಲಿಯೇ ತಂದೆ ತೀರಿಹೋದುದರಿಂದ ಅಣ್ಣ ಗುರುರಾಜಾಚಾರ್ಯರೇ ಹುಡುಗನನ್ನು ಬೆಳೆಸಿದರು. ಮಧುರೆಯಲ್ಲಿದ್ದ ಅಕ್ಕನ ಪತಿ ಲಕ್ಷ್ಮೀನರಸಿಂಹಾಚಾರ್ಯರಲ್ಲಿ ಪ್ರಾರಂಭದ ವ್ಯಾಸಂಗ ನಡೆಯಿತು. ಅನಂತರ ಸರಸ್ವತಿ ಎಂಬ ಕನ್ಯೆಯೊಡನೆ ವಿವಾಹ. ಆ ಬಳಿಕ ಕುಂಭಕೋಣದಲ್ಲಿ ಶ್ರೀವಿಜಯೀಂದ್ರತೀರ್ಥರ ಉತ್ತರಾಧಿಕಾರಿಗಳಾದ ಶ್ರೀಸುಧೀಂದ್ರತೀರ್ಥರ ಪಾದಮೂಲದಲ್ಲಿ ವೇದಾಂತಾಧ್ಯಯನ.

ಆ ವ್ಯಾಸಂಗಕಾಲದ ಒಂದು ರಾತ್ರಿಯ ಸಂಗತಿ ಸರ್ವವಿದಿತವಾದುದೇ. ವೇಂಕಟನಾಥರು ಹಗಲಿನಲ್ಲಿ ಕೇಳಿದ ಸುಧಾಪಾಠದ ಮೇಲೆ ರಾತ್ರಿ ತಾವೇ ಟಿಪ್ಪಣಿ ಬರೆಯುತ್ತಿದ್ದರು. ದೀಪಕ್ಕೆ ಎಣ್ಣೆಯಿಲ್ಲದೆ ತರಗೆಲೆಗಳನ್ನು ಉರಿಸಿಕೊಂಡು ಬರೆದು, ಹೊದೆಯಲು ಬಟ್ಟೆಯಿಲ್ಲದೆ ಚಳಿಯಲ್ಲಿಯೇ ಮಲಗಿಬಿಟ್ಟಿದ್ದರು. ಶ್ರೀಸುಧೀಂದ್ರರು ಆ ದಾರಿಯಾಗಿ ಬಂದವರು ಓಲೆಗರಿಗಳನ್ನು ಓದಿ, ಬೆರಗಾಗಿ, ತಮ್ಮ ಶಾಟಿಯನ್ನೇ ಶಿಷ್ಯನಿಗೆ ಹೊದಿಸಿ, ಗ್ರಂಥವನ್ನು ತೆಗೆದುಕೊಂಡು ಹೋದರು. ಬೆಳಿಗ್ಗೆ ಎದ್ದ ಶಿಷ್ಯರಿಗೆ ಗಾಬರಿ. ಬರೆದ ಓಲೆ ಕಾಣದು; ಮೈಮೇಲೆ ಗುರುಗಳ ವಸ್ತ್ರ. ಅದೇ ದಿನ ಪಾಠದಲ್ಲಿ ಗುರುಗಳು ಅವರಿಗೆ ಪರಿಮಳಾಚಾರ್ಯರೆಂಬ ಬಿರುದನ್ನು ಅನುಗ್ರಹಿಸಿದರು. ಶ್ರೀಜಯತೀರ್ಥರ ನ್ಯಾಯಸುಧೆಗೆ ರಾಯರು ಬರೆದ ಪರಿಮಳವೆಂಬ ವ್ಯಾಖ್ಯಾನವನ್ನು ಇಂದಿಗೂ ಸುಧಾವಿದ್ಯಾರ್ಥಿಗಳು ಬಿಟ್ಟು ಮುಂದೆ ಹೋಗಲಾರರು.

ವಿದ್ಯೆ ಸಂದಿತು, ಬಿರುದು ಬಂದಿತು, ಅನ್ನ ಮಾತ್ರ ಬರಲಿಲ್ಲ. ಊರಿಗೆ ಮರಳಿದ ವೇಂಕಟನಾಥಾಚಾರ್ಯರು ಪಾಠ ಹೇಳಿದರು. ಆದರೆ ವಿದ್ಯೆಯನ್ನು ಮಾರಲು ಒಪ್ಪಲಿಲ್ಲ. ಯಾರನ್ನೂ ಬೇಡಲಿಲ್ಲ. ಗಂಡುಮಗು ಲಕ್ಷ್ಮೀನಾರಾಯಣನೊಡನೆ ಮೂವರ ಸಂಸಾರ. ಸೋದರಳಿಯನಾದ ನಾರಾಯಣಾಚಾರ್ಯರು ರಚಿಸಿದ ಶ್ರೀರಾಘವೇಂದ್ರವಿಜಯದಲ್ಲಿ ಈ ದಾರಿದ್ರ್ಯದ ವರ್ಣನೆಯಿದೆ. ಉಡಲು ಹರಿದ ವಸ್ತ್ರ, ಒಲೆ ಹೊತ್ತದ ದಿನಗಳು. ಪಂಚಾಂಗದಲ್ಲಿಲ್ಲದ ಏಕಾದಶಿಗಳು ಆ ಮನೆಯಲ್ಲಿ ಎಷ್ಟೋ ಬಾರಿ ಬರುತ್ತಿದ್ದವು. ಇದ್ದಬದ್ದ ಪಾತ್ರೆಪದಾರ್ಥಗಳನ್ನು ಕಳ್ಳರು ಹೊತ್ತರೆಂದೂ ಹೇಳುತ್ತಾರೆ. ಬಡವನ ಮನೆಗೆ ಕಳ್ಳ ಬಂದರೆ ಹೋಗುವುದು ವಸ್ತುವಷ್ಟೇ ಅಲ್ಲ, ನಾಳೆ ಏನಾದರೂ ಬೇಯೀತೆಂಬ ಆಸೆಯೂ ಹೋಗುತ್ತದೆ.

ಈ ಕಾಲಕ್ಕೆ ಸೇರಿದ್ದೆಂದು ಹೇಳುವ ಒಂದು ಕಥೆ ಪ್ರವಚನಗಳಲ್ಲಿ ತಪ್ಪದೆ ಬರುತ್ತದೆ. ಯಾರದೋ ಮನೆಯ ಸಮಾರಾಧನೆಗೆ ಹೋದ ಆಚಾರ್ಯರನ್ನು ಗುರುತಿಸದೆ, ಊಟಕ್ಕೆ ಬಂದ ಬಡ ಬ್ರಾಹ್ಮಣನೆಂದು ಗಂಧ ತೇಯಲು ಕೂರಿಸಿದರು. ಅವರು ಅಗ್ನಿಸೂಕ್ತವನ್ನು ಜಪಿಸುತ್ತ ತೇದರು. ಆ ಗಂಧವನ್ನು ಹಚ್ಚಿಕೊಂಡ ಬ್ರಾಹ್ಮಣರ ಮೈ ಉರಿಯಿತು. ಕಾರಣ ತಿಳಿದಾಗ ಆಚಾರ್ಯರು ವರುಣಸೂಕ್ತವನ್ನು ಜಪಿಸಿ ತಂಪು ಮಾಡಿದರು. ಮಂತ್ರಸಿದ್ಧಿಯ ಕಥೆಯೆಂದು ನಾವು ಇದನ್ನು ಕೇಳಿ ಕೈಮುಗಿಯುತ್ತೇವೆ. ಅದಕ್ಕೂ ಮೊದಲಿನ ಒಂದು ಕ್ಷಣದ ಕಡೆಗೆ ವಾಚಕರ ಗಮನ ಸೆಳೆಯಬಯಸುತ್ತೇನೆ. ಮಹಾಭಾಷ್ಯಾದಿಗಳನ್ನು ಅರೆದು ಕುಡಿದ ವಿದ್ವಾಂಸನನ್ನು ಗಂಧ ತೇಯಲು ಕೂರಿಸಿದಾಗ ಎದೆಯಲ್ಲಿ ಏಳುವುದು ಅವಮಾನದ ಭಯ. ಬಡವನಿಗೆ ಹಸಿವಿಗಿಂತ ಹೆಚ್ಚಾಗಿ ಕಾಡುವುದು ಇದೇ. ಆಚಾರ್ಯರು ಸಾಣೆಕಲ್ಲಿನ ಮುಂದೆ ಕುಳಿತು ಮಾಡಿದ್ದು ಜಪ. ಕೈ ಮನೆಯ ಯಜಮಾನನ ಕೆಲಸದಲ್ಲಿತ್ತು, ಚಿತ್ತವು ಅಗ್ನ್ಯಂತರ್ಗತನಾದ ಭಗವಂತನಲ್ಲಿತ್ತು. ತೇಯುತ್ತಿರುವುದು ಯಾರಿಗಾಗಿ ಎಂಬ ದೃಷ್ಟಿ ಬದಲಾದ ಮೇಲೆ ಅವಮಾನಕ್ಕೆ ಅಲ್ಲಿ ಎಡೆ ಎಲ್ಲಿ?

ಇದನ್ನೇ ನಮ್ಮ ಶಾಸ್ತ್ರಗಳು ಅನುಸಂಧಾನವೆನ್ನುತ್ತವೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಸಮಸ್ತ ತತ್ತ್ವಗಳನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದರು. ಸ್ವತಂತ್ರನು ಶ್ರೀವಿಷ್ಣು ಒಬ್ಬನೇ. ಮಿಕ್ಕುದೆಲ್ಲವೂ, ನಮಗೆ ಭಯ ಹುಟ್ಟಿಸುವ ವಸ್ತುಗಳೂ ಸೇರಿ, ಅವನ ಅಧೀನ. ಸಾಲಗಾರನನ್ನೋ ರೋಗವನ್ನೋ ಅಧಿಕಾರಿಯ ಕೋಪವನ್ನೋ ಕಂಡು ನಡುಗುವಾಗ ಅಸ್ವತಂತ್ರಕ್ಕೆ ನಾವು ನಮ್ಮ ಮನಸ್ಸಿನಲ್ಲಿಯೇ ಸ್ವಾತಂತ್ರ್ಯದ ಪಟ್ಟ ಕಟ್ಟಿರುತ್ತೇವೆ. ವಿಷ್ಣುಸಹಸ್ರನಾಮದಲ್ಲಿ ಭಯವನ್ನು ಉಂಟುಮಾಡುವವನು, ಭಯವನ್ನು ನಾಶಮಾಡುವವನು ಎಂಬರ್ಥದ ಎರಡು ನಾಮಗಳು ಅಕ್ಕಪಕ್ಕದಲ್ಲಿಯೇ ಬರುವುದು ಗಮನಾರ್ಹ. ನಿತ್ಯಪಾರಾಯಣದ ವೇಗದಲ್ಲಿ ಅಲ್ಲಿ ನಿಲ್ಲುವವರು ವಿರಳ.

ಹಾಗೆಂದು ವೇಂಕಟನಾಥಾಚಾರ್ಯರಿಗೆ ಭಯವೇ ತಿಳಿದಿರಲಿಲ್ಲವೆಂದು ಭಾವಿಸಬಾರದು. ನಮ್ಮ ಗುರುಚರಿತ್ರೆಗಳ ಒಂದು ಹಿರಿಮೆ, ಅವು ಇಂತಹುದನ್ನು ಮುಚ್ಚಿಡುವುದಿಲ್ಲ. ಕಷ್ಟ ತಾಳಲಾರದೆ ಸಂಸಾರಸಮೇತ ಮತ್ತೆ ಕುಂಭಕೋಣಕ್ಕೆ ಬಂದವರಿಗೆ ಅಲ್ಲಿ ಬೇರೊಂದು ಪರೀಕ್ಷೆ ಕಾದಿತ್ತು. ವೃದ್ಧರಾದ ಶ್ರೀಸುಧೀಂದ್ರತೀರ್ಥರು ಸಂಸ್ಥಾನದ ಭಾರ ಹೊರತಕ್ಕವರು ಇವರೇ ಎಂದು ನಿಶ್ಚಯಿಸಿ ತುರ್ಯಾಶ್ರಮ ಸ್ವೀಕರಿಸುವಂತೆ ಅಪೇಕ್ಷಿಸಿದರು. ಆಚಾರ್ಯರು ಹಿಂಜರಿದರು. ಪತ್ನಿ ತರುಣಿ, ಮಗನಿಗೆ ಇನ್ನೂ ಉಪನಯನವಾಗಿಲ್ಲ, ತಾವಿಲ್ಲದಿದ್ದರೆ ಇವರಿಗೆ ದಿಕ್ಕು ಯಾರು? ಯಾವ ಗೃಹಸ್ಥನಿಗಾದರೂ ಬರುವ ಪ್ರಶ್ನೆ ಇದು, ಧರ್ಮಬದ್ಧವಾದ ಪ್ರಶ್ನೆಯೂ ಹೌದು. ಹೊಟ್ಟೆಗಿಲ್ಲದ ದಿನಗಳಲ್ಲಿ ಕುಗ್ಗದವರು ಇಲ್ಲಿ ಕುಗ್ಗಿದರು.

ಆ ರಾತ್ರಿ ವಿದ್ಯಾಭಿಮಾನಿನಿಯಾದ ದೇವಿಯು ಅವರಿಗೆ ಕಾಣಿಸಿಕೊಂಡು, ಶ್ರೀಮದಾಚಾರ್ಯರ ಶಾಸ್ತ್ರವು ಇವರನ್ನೇ ಆಶ್ರಯಿಸಿ ನಿಲ್ಲಬೇಕಾಗಿದೆಯೆಂದು ತಿಳಿಸಿದಳೆಂದು ವಿಜಯಕಾವ್ಯವು ಹೇಳುತ್ತದೆ. ಬೆಳಗಾಗುವ ಹೊತ್ತಿಗೆ ಮನಸ್ಸು ತಿರುಗಿತ್ತು. ಹೆಂಡತಿಮಕ್ಕಳನ್ನು ಇಲ್ಲಿಯವರೆಗೆ ಕಾಪಾಡಿದವನು ತಾನೇ ಎಂಬ ಭಾವನೆಯನ್ನು ಕೈಬಿಟ್ಟದ್ದರಿಂದಲೇ ಅದು ತಿರುಗಿತೆಂದು ನನಗೆ ತೋರುತ್ತದೆ. ಮಗನ ಉಪನಯನವನ್ನು ನೆರವೇರಿಸಿದರು. ದುರ್ಮತಿ ಸಂವತ್ಸರದ (1621-22) ಫಾಲ್ಗುಣ ಶುದ್ಧ ಬಿದಿಗೆಯಂದು, ರಘುನಾಥ ನಾಯಕನು ಆಳುತ್ತಿದ್ದ ತಂಜಾವೂರಿನಲ್ಲಿ ಆಶ್ರಮಸ್ವೀಕಾರವೂ ಪಟ್ಟಾಭಿಷೇಕವೂ ನಡೆದು, ವೇಂಕಟನಾಥಾಚಾರ್ಯರು ಶ್ರೀರಾಘವೇಂದ್ರತೀರ್ಥರಾದರು.

ಇಲ್ಲಿಗೆ ಕಥೆಯನ್ನು ಮಂಗಳವಾದ್ಯಗಳೊಡನೆ ಮುಗಿಸಿಬಿಡುವುದು ಸುಲಭ. ಆದರೆ ಪರಂಪರೆಯು ಸಾಧ್ವಿ ಸರಸ್ವತೀಬಾಯಿಯವರನ್ನು ಮರೆತಿಲ್ಲ. ಪತಿಯ ಮುಖವನ್ನು ಕೊನೆಯದಾಗಿ ಒಮ್ಮೆ ನೋಡಬೇಕೆಂದು ಓಡಿಬರುತ್ತಿದ್ದ ಆಕೆ ದಾರಿಯಲ್ಲಿ ಹಾಳುಬಾವಿಗೆ ಬಿದ್ದು ಪ್ರಾಣಬಿಟ್ಟರೆಂದೂ, ಅಪಮೃತ್ಯುವಿನಿಂದ ಪ್ರೇತರೂಪದಲ್ಲಿ ಮಠಕ್ಕೆ ಬಂದರೆಂದೂ, ಶ್ರೀಗಳವರು ಕಮಂಡಲುವಿನ ಜಲವನ್ನು ಪ್ರೋಕ್ಷಿಸಿ ಆ ಜೀವಕ್ಕೆ ಸದ್ಗತಿ ಕರುಣಿಸಿದರೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಪ್ರವಚನಕಾರರು ಇದನ್ನು ಕರುಣೆಯ ಪ್ರಸಂಗವಾಗಿ ಹೇಳಿ ಬೇಗ ಮುಂದೆ ಸಾಗುತ್ತಾರೆ. ಅಷ್ಟು ಬೇಗ ಸಾಗಬಾರದೆಂದು ನನ್ನ ಅಭಿಪ್ರಾಯ. ರಾಯರು ಹೆದರಿದ್ದು ಯಾವುದಕ್ಕೋ ಅದೇ ನಡೆಯಿತು. ಭಗವಂತನನ್ನು ನಂಬಿ ಭಯವನ್ನು ಬಿಟ್ಟವನಿಗೆ ಕಷ್ಟವು ತಪ್ಪುತ್ತದೆಂಬ ಒಡಂಬಡಿಕೆ ಎಲ್ಲಿಯೂ ಇಲ್ಲ. ಹಸಿವಿನ ವರ್ಷಗಳನ್ನು ಗಂಡನೊಡನೆ ಸಮನಾಗಿ ಹೊತ್ತ ಆಕೆಗೆ ಪೀಠದ ವೈಭವದಲ್ಲಿ ಪಾಲಿರಲಿಲ್ಲ. ಯತಿಗಳಿಗೆ ಅವರ ಪೂರ್ವಾಶ್ರಮದ ಬಾಂಧವ್ಯವಿಲ್ಲ. ಆದರೂ ಬಾಗಿಲಿಗೆ ಬಂದ ಆ ನೊಂದ ಜೀವವನ್ನು ಅವರು ಹಿಂದಕ್ಕೆ ಕಳುಹಲಿಲ್ಲ, ಹೆದರಿ ಮುಖ ತಿರುಗಿಸಲೂ ಇಲ್ಲ. ಕೈಯಲ್ಲಿದ್ದುದು ಒಂದಿಷ್ಟು ನೀರು, ಅದನ್ನೇ ನೀಡಿದರು.

ಮುಂದಿನ ಸುಮಾರು ಐವತ್ತು ವರ್ಷಗಳು ಪಾಠ, ಪ್ರವಚನ, ಸಂಚಾರ, ಗ್ರಂಥರಚನೆಗಳಲ್ಲಿ ಕಳೆದವು. ತಂತ್ರದೀಪಿಕೆ, ಗೀತಾವಿವೃತಿ, ಉಪನಿಷತ್ತುಗಳ ಖಂಡಾರ್ಥಗಳು, ಮೀಮಾಂಸೆಯ ಭಾಟ್ಟಸಂಗ್ರಹ ಮೊದಲಾದುವು ಪಂಡಿತರ ಸ್ವತ್ತು. ನಮ್ಮಂತಹ ಸಾಮಾನ್ಯ ಗೃಹಸ್ಥರಿಗೆ ಅವರು ಬಿಟ್ಟುಹೋದದ್ದು ಎರಡು ಕಿರುಗದ್ಯಗಳು. ಹಾಸಿಗೆಯಿಂದ ಏಳುವಾಗ ಅನುಸಂಧಾನ ಮಾಡತಕ್ಕ ಪ್ರಾತಃಸಂಕಲ್ಪಗದ್ಯ ಒಂದು. ಮಾಡಿದುದೆಲ್ಲವನ್ನೂ ಶ್ರೀಹರಿಗೆ ಒಪ್ಪಿಸುವ ಸರ್ವಸಮರ್ಪಣಗದ್ಯ ಮತ್ತೊಂದು. ಒಳಗಿದ್ದು ಪ್ರೇರಿಸುವವನು ಮುಖ್ಯಪ್ರಾಣಾಂತರ್ಗತನಾದ ಶ್ರೀವಿಷ್ಣು, ಈ ದಿನ ನನ್ನ ಕೈಯಿಂದ ನಡೆಯುವ ಕೆಲಸಗಳೆಲ್ಲ ಅವನ ಪೂಜೆ ಎಂಬುದು ಮೊದಲನೆಯದರ ತಾತ್ಪರ್ಯ. ಕಣ್ಣು ತೆರೆದೊಡನೆ ಮನೆಯ ಬಾಡಿಗೆ, ಔಷಧದ ಖರ್ಚು, ನಿನ್ನೆ ಕೇಳಿದ ಕಟುಮಾತು ಇವೇ ಮೊದಲು ನೆನಪಾಗುವುದು ಎಲ್ಲರ ಅನುಭವ. ಆ ಒಂದು ಗಳಿಗೆಯನ್ನು ಹಿಡಿಯಬೇಕೆಂದು ರಾಯರಿಗೆ ತಿಳಿದಿತ್ತು. ಒಲೆ ಹೊತ್ತದ ಮನೆಯಲ್ಲಿ ಎಷ್ಟು ಬೆಳಗುಗಳನ್ನು ಅವರು ಕಂಡಿದ್ದರೆಂಬುದನ್ನು ನೆನೆದರೆ ಆ ಗದ್ಯವು ಬರಿಯ ವಿಧಿಯಾಗಿ ಕಾಣುವುದಿಲ್ಲ.

ಆದವಾನಿಯ ಸೀಮೆಯ ವೆಂಕಣ್ಣನ ಕಥೆಯೂ ಇದಕ್ಕೆ ಹೊಂದುವಂತಹುದೇ. ತಂದೆತಾಯಿಗಳಿಲ್ಲದ, ದನ ಕಾಯುತ್ತಿದ್ದ, ಅಕ್ಷರವರಿಯದ ಹುಡುಗ. ಸಂಚಾರದಲ್ಲಿ ಬಂದ ಶ್ರೀಗಳವರು ಫಲಮಂತ್ರಾಕ್ಷತೆ ಕೊಟ್ಟು, ಸಂಕಟ ಬಂದಾಗ ತಮ್ಮನ್ನು ನೆನೆಯುವಂತೆ ಹೇಳಿದ್ದರು. ಒಂದು ದಿನ ಆ ದಾರಿಯಲ್ಲಿ ಬಂದ ನವಾಬ ಸಿದ್ದಿ ಮಸೂದ್ ಖಾನನಿಗೆ ಪತ್ರವೊಂದು ತಲಪಿತು. ಓದಿ ಹೇಳೆಂದು ಬ್ರಾಹ್ಮಣವೇಷದ ಹುಡುಗನ ಕೈಗೆ ಕೊಟ್ಟ. ಓದು ಬಾರದೆಂದರೆ ನಂಬಲಿಲ್ಲ; ದಂಡಿಸುವೆನೆಂದು ಬೆದರಿಸಿದ. ವೆಂಕಣ್ಣನು ಗುರುಗಳನ್ನು ನೆನೆದು ಕಾಗದದ ಕಡೆ ನೋಡಿದನಂತೆ, ಓದು ಬಂದಿತಂತೆ. ಶುಭವಾರ್ತೆಯ ಪತ್ರ. ಹುಡುಗನು ಕಾಲಕ್ರಮದಲ್ಲಿ ಆದವಾನಿಯ ದಿವಾನನಾದನು. ಮುಂದೆ ಅದೇ ನವಾಬನು ಪರೀಕ್ಷಾರ್ಥವಾಗಿ ಮಾಂಸದ ತಟ್ಟೆಯನ್ನು ವಸ್ತ್ರದಿಂದ ಮುಚ್ಚಿ ಕಳುಹಿದಾಗ, ಶ್ರೀಗಳವರು ತೀರ್ಥವನ್ನು ಪ್ರೋಕ್ಷಿಸಲು ಅದು ಫಲಪುಷ್ಪಗಳಾಯಿತೆಂಬುದೂ, ನಾಚಿದ ನವಾಬನಿಂದ ತುಂಗಭದ್ರಾತೀರದ ಮಂಚಾಲೆ ಗ್ರಾಮವನ್ನು ಅವರು ಪಡೆದರೆಂಬುದೂ ಸುಪ್ರಸಿದ್ಧ. ಫಲವತ್ತಾದ ಬೇರೆ ಗ್ರಾಮಗಳನ್ನು ಬಿಟ್ಟು ಆ ಬರಡು ಊರನ್ನೇ ಏಕೆ ಬೇಡಿದರು? ಪ್ರಹ್ಲಾದರಾಜರು ಯಜ್ಞ ಮಾಡಿದ ಭೂಮಿ ಅದು ಎಂಬುದೇ ಕಾರಣ. ನವಾಬನಿಗೂ ದಿವಾನನಿಗೂ ಕಂಡದ್ದು ಕಲ್ಲುನೆಲ. ಶ್ರೀಗಳವರಿಗೆ ಅಲ್ಲಿ ಕಂಡದ್ದು ಬೇರೆ.

ವಿರೋಧಿಕೃತ್ ಸಂವತ್ಸರದ (1671) ಶ್ರಾವಣ ಬಹುಳ ಬಿದಿಗೆಯಂದು ಶ್ರೀಗಳವರು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸಿದರು. ಸಂಸ್ಥಾನವು ಶ್ರೀಯೋಗೀಂದ್ರತೀರ್ಥರಿಗೆ ಸಂದಿತ್ತು. ಬೃಂದಾವನದ ಕಾರ್ಯವನ್ನು ದಿವಾನ್ ವೆಂಕಣ್ಣನೇ ನಿಂತು ಮಾಡಿಸಿದ್ದನು. ಕೈಯಲ್ಲಿ ಜಪಮಾಲೆಯು ಚಲಿಸುತ್ತಿತ್ತು. ಅದು ನಿಂತ ಬಳಿಕ ಶಿಲೆಗಳನ್ನು ಜೋಡಿಸಿದರು.

ಆ ಸಮಯದಲ್ಲಿ ಪ್ರಿಯಶಿಷ್ಯರಾದ ಅಪ್ಪಣಾಚಾರ್ಯರು ಹತ್ತಿರವಿರಲಿಲ್ಲ. ಬಿಚ್ಚಾಲೆಯವರಾದ ಅವರಿಗೆ ಸುದ್ದಿ ತಿಳಿಯುವ ಹೊತ್ತಿಗೆ ತುಂಗಭದ್ರೆಯು ಶ್ರಾವಣದ ಪ್ರವಾಹದಲ್ಲಿ ಎರಡು ದಡಗಳನ್ನೂ ಮೀರಿ ಹರಿಯುತ್ತಿದ್ದಳು. ದೋಣಿಗಾಗಿ ಕಾಯದೆ, ಗುರುಗಳನ್ನು ಸ್ತುತಿಸುತ್ತ ಅವರು ನೀರಿಗಿಳಿದರು. ನದಿಯನ್ನು ದಾಟಿ ಓಡಿಬರುವಷ್ಟರಲ್ಲಿ ಕೊನೆಯ ಶಿಲೆಯೂ ಮುಚ್ಚಿತ್ತು. ಸ್ತೋತ್ರವು ಮುಗಿಯುವಲ್ಲಿ ದುಃಖದಿಂದ ಕಂಠ ಕಟ್ಟಿತು, ಕೆಲವು ಅಕ್ಷರಗಳು ಉಳಿದುಹೋದವು. ಆ ಅಕ್ಷರಗಳು ಬೃಂದಾವನದ ಒಳಗಿನಿಂದ ಕೇಳಿಬಂದವೆಂದು ಸಂಪ್ರದಾಯ. ಆರಾಧನೆಯ ದಿನ ನಮ್ಮ ಮಂದಿರದಲ್ಲಿ ಸಾಮೂಹಿಕ ಪಾರಾಯಣಕ್ಕೆ ಕೂಡುವ ಸ್ತೋತ್ರವು ಅದೇ.

ಶ್ರೀಕೃಷ್ಣಾರ್ಪಣಮಸ್ತು