ಹೆನ್ರಿ ಡಿರೋಜಿಯೋ

ಹೆನ್ರಿ ಲೂಯಿ ವಿವಿಯನ್ ಡಿರೋಜಿಯೋ ಎಂಬಾತನು ಕ್ರಿ. ಶ. 1809ನೆಯ ಏಪ್ರಿಲ್ 18ರಂದು ಕಲ್ಕತ್ತೆಯ ಯೂರೇಷಿಯನ್ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದನು. 1826ರಲ್ಲಿ ಹಿಂದೂ ಕಾಲೇಜಿನ ಉಪಾಧ್ಯಾಯನಾದಾಗ ಈತನಿಗೆ 17 ವರ್ಷ ಮಾತ್ರ. ಪಾಠವನ್ನು ಗಿಳಿಯಂತೆ ಒಪ್ಪಿಸಿದರೆ ವಿದ್ಯೆಯಾಗದೆಂದು ಬಗೆದ ಈತನು, ಜಾತಿಭೇದ, ಮೂರ್ತಿಪೂಜೆ, ಸ್ತ್ರೀಯರ ದುಃಸ್ಥಿತಿ ಮೊದಲಾದ ವಿವಾದಗ್ರಸ್ತ ವಿಷಯಗಳನ್ನೂ ಶಿಷ್ಯರು ನಿರ್ಭಯವಾಗಿ ಚರ್ಚಿಸುವಂತೆ ಪ್ರೋತ್ಸಾಹಿಸಿದನು.

ಇದರಿಂದ ತಂದೆತಾಯಿಗಳು ಕಳವಳಗೊಂಡು ಮಕ್ಕಳನ್ನು ಶಾಲೆ ಬಿಡಿಸತೊಡಗಿದರು. ಗುರುವು ನಾಸ್ತಿಕ್ಯವನ್ನು ಬೋಧಿಸುವನೆಂಬ ಅಪವಾದವೂ ಹುಟ್ಟಿತು. 1831ರ ಏಪ್ರಿಲಿನಲ್ಲಿ ಆಡಳಿತ ಮಂಡಲಿಯವರು ಈತನನ್ನು ತೆಗೆದುಹಾಕಲು ನಿಶ್ಚಯಿಸಲು, ಈತನು ರಾಜೀನಾಮೆಯನ್ನಿತ್ತನು. ದೇವರ ಅಸ್ತಿತ್ವದ ವಿಷಯದಲ್ಲಿ ಹ್ಯೂಮನ ಸಂಶಯಗಳೊಡನೆ ಅವುಗಳಿಗೆ ರೀಡ್ ಮತ್ತು ಸ್ಟೂವರ್ಟರು ಕೊಟ್ಟ ಸಮಾಧಾನಗಳನ್ನೂ ತಾನು ಕಲಿಸಿದ್ದೆನೆಂದೂ, ಒಂದೇ ಪಕ್ಷವನ್ನು ತಿಳಿಸಿ ಇನ್ನೊಂದನ್ನು ಮರೆಮಾಡುವುದು ಸರಿಯಲ್ಲವೆಂದೂ ಪತ್ರಮುಖೇನ ವಿನಯದಿಂದ ಅರಿಕೆ ಮಾಡಿದನು.

ಅದೇ ವರ್ಷದ ಡಿಸೆಂಬರ್ 26ರಂದು, 22ನೆಯ ವಯಸ್ಸಿನಲ್ಲಿಯೇ, ವಾಂತಿಭೇದಿಯಿಂದ ಮೃತನಾದನು. ಆದರೂ ಬಿತ್ತಿದ ಬೀಜವು ವ್ಯರ್ಥವಾಗಲಿಲ್ಲ. ಅನುಯಾಯಿಗಳಲ್ಲಿ ಕೃಷ್ಣಮೋಹನ ಬ್ಯಾನರ್ಜಿಯು ಕ್ರೈಸ್ತ ಬೋಧಕನಾದನು. ದಕ್ಷಿಣಾರಂಜನ ಮುಖರ್ಜಿಯು 1849ರಲ್ಲಿ ಸ್ಥಾಪಿತವಾದ ಬೆಥೂನರ ಹೆಣ್ಣುಮಕ್ಕಳ ಶಾಲೆಗೆ ಭೂಮಿಯನ್ನು ದಾನಮಾಡಿದನು. ಅಂದು ತಂದೆತಾಯಿಗಳು ಅಂಜಿದ ಆ ಚರ್ಚೆಗಳ ಫಲವನ್ನು ಮುಂದೆ ಹೆಣ್ಣುಮಕ್ಕಳು ಉಂಡರು.